ಕ್ಯೋಟೋದ ಪೆಟ್ಟಿಗೆ

“ಆಂಟಿ, ಸಂಜೆ ನೀವು ಬರಲೇಬೇಕು,” ಎಂದಳು ಪಕ್ಕದ ಮನೆಯ ಧೃತಿ. “ನಮ್ಮ ಆಫೀಸಿನ ಜಪಾನೀ ಮ್ಯಾನೇಜರ್ ಮನೆಗೆ ಬರ್ತಿದ್ದಾರೆ. ನೀವು ಕ್ಯೋಟೋದಿಂದ ತಂದ್ರಲ್ಲ, ಆ ಸ್ವೀಟ್ಸೇ ಕೊಡ್ತೀನಿ. ಅತ್ತೆ ಇನ್ನೂ ಫ್ರಿಜ್ಜಲ್ಲೇ ಇಟ್ಕೊಂಡಿದ್ದಾರೆ.”

ಅಲಮೇಲು ಬೇರೆ ಕೆಲಸದ ನೆವ ಹೇಳಿ ನೋಡಿದಳು. ಧೃತಿಯ ಹಿಂದೆ ನಿಂತಿದ್ದ ಅತ್ತೆ ಮಂಗಮ್ಮ, “ಅವರಿಗೆ ಕೋಡುಬಳೆ ಸಾಕಲ್ವೇನೇ?” ಎಂದು ಗೊಣಗಿದರು. ಪಾಪ, ಅಪರೂಪದ ಸಿಹಿ ಕೊಡಲು ಮನಸ್ಸಿಲ್ಲ ಎಂದುಕೊಂಡಳು ಅಲಮೇಲು. ಧೃತಿ ಕೇಳಬೇಕಲ್ಲ.

ಜಯನಗರದ ಆ ಬೀದಿಯಲ್ಲಿ ಅಲಮೇಲು ಎಂದರೆ ಖಡಕ್ ಹೆಂಗಸು. ಹಾಲಿಗೆ ನೀರು ಬೆರೆಸಿದವನನ್ನು ಗೇಟಿನಲ್ಲೇ ನಿಲ್ಲಿಸಿ ಬೆವರಿಳಿಸಿದವಳು. ಅಂಥವಳು ಜಪಾನಿನ ಹೆಸರು ಹೇಳಿ ಗೆಳತಿ ಮಂಗಮ್ಮನಿಗೆ ಟೋಪಿ ಹಾಕಿದ್ದಳು.

ಆಗಿದ್ದಿಷ್ಟು. ಅಲಮೇಲು ಜಪಾನ್ ಪ್ರವಾಸಕ್ಕೆ ಹೊರಟಾಗ ಮಂಗಮ್ಮ ತಮ್ಮ ಉಣ್ಣೆ ಕೋಟು ಕೊಟ್ಟು, “ನಂಗೇನೂ ಬೇಡ ರೀ, ಅಲ್ಲಿನ ಸಿಹಿ ತಂದ್ಕೊಡಿ. ಒಂದ್ಸಲ ರುಚಿ ನೋಡ್ಬೇಕು,” ಎಂದಿದ್ದರು. ಕ್ಯೋಟೋದಲ್ಲಿ ಬಟ್ಟೆಯ ಪರದೆ ಸರಿಸಿ ಒಳಹೋದರೆ ಹಳೇ ಮರದ ಅಂಗಡಿ. ಗಾಜಿನೊಳಗೆ ಹೂವಿನಾಕಾರದ ಪುಟ್ಟ ಪುಟ್ಟ ಸಿಹಿಗಳು. ಅಂಗಡಿಯ ಅಜ್ಜಿ ಮಂಡಿಯೂರಿ ಕೂತು, ಹಸುಗೂಸಿಗೆ ಬಟ್ಟೆ ಸುತ್ತುವ ಹಾಗೆ ಪೆಟ್ಟಿಗೆ ಕಟ್ಟಿಕೊಟ್ಟಿತು. “ಇವತ್ತೇ ತಿನ್ಬೇಕಂತೆ ಮೇಡಂ, ನಾಳೆಗೆ ಇರಲ್ಲ,” ಎಂದ ಬೆಂಗಳೂರಿನಿಂದಲೇ ಜೊತೆಗೆ ಬಂದಿದ್ದ ಗೈಡ್. ಮೈಸೂರ್ ಪಾಕನ್ನು ತಿಂಗಳಿಟ್ಟು ತಿನ್ನುವ ಅಲಮೇಲು ಕಿವಿಗೆ ಹಾಕಿಕೊಳ್ಳಲಿಲ್ಲ.

ಬಸ್ಸಿನಲ್ಲಿ ಅನುಮಾನ ಶುರುವಾಯಿತು. ಕೆಟ್ಟಿದೆಯೋ ಏನೋ ಎಂದು ಒಂದನ್ನು ಬಾಯಿಗೆ ಹಾಕಿಕೊಂಡಳು. ಕೆಟ್ಟಿರಲಿಲ್ಲ. ಎರಡನೆಯದೂ ಕೆಟ್ಟಿರಲಿಲ್ಲ. ಹೋಟೆಲು ಬರುವಷ್ಟರಲ್ಲಿ ಪೆಟ್ಟಿಗೆ ಖಾಲಿ. ಪಕ್ಕದಲ್ಲಿ ಗೊರಕೆ ಹೊಡೆಯುತ್ತಿದ್ದ ಗಂಡ ಚಕ್ರಪಾಣಿಗೂ ಒಂದು ಉಳಿಸಿರಲಿಲ್ಲ.

ಊರಿಗೆ ಬಂದವಳೇ ಅಕ್ಕಿಹಿಟ್ಟು ಬೇಯಿಸಿ, ಬೀಟ್‌ರೂಟ್ ರಸದಲ್ಲಿ ಬಣ್ಣ ಕಟ್ಟಿ, ಹೂರಣ ತುಂಬಿ, ಹೂವು ಮಾಡಿ ಅದೇ ಪೆಟ್ಟಿಗೆಯಲ್ಲಿಟ್ಟು ಕೊಟ್ಟಳು. ಮಂಗಮ್ಮ ಅದನ್ನು ಕಣ್ಣಿಗೊತ್ತಿಕೊಂಡರು. ಅವತ್ತಿನಿಂದ ಅಲಮೇಲುವಿಗೆ ಅವರಿಗೆ ಮುಖ ಕೊಟ್ಟು ಮಾತಾಡುವುದೇ ಕಷ್ಟವಾಗಿತ್ತು.

ಸಂಜೆ ಅತಿಥಿ ನಿಶಿಮುರ ಬಂದು ಸೋಫಾದ ತುದಿಯಲ್ಲಿ ಕೂತರು. ಮಂಗಮ್ಮ ತಟ್ಟೆ ತಂದಿಟ್ಟರು. ಯಾಕೋ ಯಾರ ಮುಖವನ್ನೂ ನೋಡದೆ ಹಿಂದೆ ಸರಿದು ನಿಂತರು. ಹೂಗಳ ಬಣ್ಣ ಮೊದಲಿಗಿಂತ ಗಾಢವಾಗಿ ಕಂಡಿತು. ಫ್ರಿಜ್ಜಿನಲ್ಲಿಟ್ಟರೆ ಹಾಗಾಗುತ್ತೇನೋ. ಅಲಮೇಲು ಸೆರಗು ಹಿಂಡುತ್ತ ಕೂತಳು. ಭೂಮಿ ಬಾಯಿಬಿಟ್ಟು ನುಂಗಬಾರದೇ ಎನಿಸಿತು.

ನಿಶಿಮುರ ಒಂದನ್ನು ಎತ್ತಿ ತಿರುಗಿಸಿ ನೋಡಿದರು. ಕಚ್ಚಿದರು. ನಿಧಾನವಾಗಿ ಅಗಿದರು. ಇಂಗ್ಲಿಷಿನಲ್ಲಿ ಏನೋ ಹೇಳಿ ತಲೆ ಬಾಗಿಸಿದರು.

“ಇಂಥದ್ದು ಜಪಾನಲ್ಲೇ ಎಲ್ಲೂ ತಿಂದಿಲ್ವಂತೆ!” ಎಂದು ಧೃತಿ ಹಿಗ್ಗಿದಳು.

ಅಲಮೇಲುವಿನ ಕಿವಿ ಬಿಸಿಯಾಯಿತು. ಆ ಮನುಷ್ಯನಿಗೆ ಗೊತ್ತಾಗಿದೆ. ಮನೆಯವರ ಮರ್ಯಾದೆ ಉಳಿಸುತ್ತಿದ್ದಾರೆ. ಪರದೇಶದವರೇ ಇಷ್ಟು ದೊಡ್ಡ ಮನಸ್ಸು ತೋರಿಸುವಾಗ ತಾನು ಇನ್ನೂ ಬಚ್ಚಿಡುವುದೇ? ಮಂಗಮ್ಮನ ಹಿಂದೆಯೇ ಅಡುಗೆಮನೆಗೆ ನುಗ್ಗಿದಳು. ಏನಾದರಾಗಲಿ, ಹೇಳಿಬಿಡಬೇಕು.

“ಮಂಗಮ್ಮನವರೇ, ಆ ಸಿಹಿ…”

ಮಂಗಮ್ಮ ಅವಳ ಎರಡೂ ಕೈ ಹಿಡಿದುಕೊಂಡರು. ಕಣ್ಣಲ್ಲಿ ನೀರು. “ನಿಮಗೆ ಗೊತ್ತಾಗೋಯ್ತು ಅಲ್ವಾ? ನೀವು ತಂದಿದ್ದನ್ನ ಅವತ್ತೇ ನಾನೊಬ್ಬಳೇ ಕೂತು ತಿಂದ್ಬಿಟ್ಟೆ ರೀ. ಸೊಸೆಗೂ ಒಂದು ಇಡ್ಲಿಲ್ಲ. ಇವು ನಾನೇ ಮಾಡಿ ತುಂಬಿಟ್ಟಿದ್ದು. ನಾಚಿಕೆಯಿಂದ ಸಾಯೋ ಹಾಗಾಗಿದೆ. ಆದ್ರೆ ಆ ಜಪಾನಿನ ಸಿಹಿ… ಅಂಥ ರುಚಿ ಜನ್ಮದಲ್ಲಿ ಕಂಡಿರ್ಲಿಲ್ಲ.”

ಅಲಮೇಲು ಸೆರಗಿನಿಂದ ಅವರ ಕಣ್ಣೊರೆಸಿದಳು.

“ಹೋಗ್ಲಿ ಬಿಡಿ,” ಎಂದಳು. “ನಾನು ಯಾರಿಗೂ ಹೇಳಲ್ಲ.”