ಕೆರೆದು ತೆಗೆದ ಕರಿ ಕೋಟು

ಮಾರ್ಚ್ ತಿಂಗಳು, ಭಾನುವಾರ, ಚರ್ಚಿನಿಂದ ಎಲ್ಲರೂ ಮನೆಗೆ ಬಂದ ಹೊತ್ತು. ಟ್ರುವಾ ಊರಿಗೆಲ್ಲ ಬ್ರೆಡ್ಡು ಸುಟ್ಟುಕೊಡುತ್ತಿದ್ದ ಆನ್ಸೆಲ್ಮ್, ಮಗಳು ಜೆಲಿ ಬರೆದ ತನ್ನ ಚಿತ್ರದ ಮುಂದೆ ನಿಂತಿದ್ದ. ಚಿತ್ರ ತನ್ನಂತೆಯೇ ಬಂದರೆ ಚಿತ್ರಕಲೆ ಕಲಿಯಲು ಪ್ಯಾರಿಸ್ಸಿಗೆ ಕಳಿಸುತ್ತೇನೆಂದು ಅವಳಿಗೆ ಮಾತು ಕೊಟ್ಟಿದ್ದ. ಬರೆಸಿಕೊಳ್ಳಲು ಕೂತಾಗ ಭಾವನ ಕರಿ ಕೋಟು ಕೇಳಿ ತಂದು ತೊಟ್ಟಿದ್ದ.

"ಯಾರೇ ಈ ವಕೀಲ?" ಎಂದು ಹೆಂಡತಿ ಓರ್ತಾನ್ಸ್ ನಕ್ಕಳು. "ನಮ್ಮನೆಯವ್ರೆಲ್ಲಿ?"

"ನಿಮ್ಮಮ್ಮನೇ ಹೇಳಿದ್ಮೇಲೆ ಮುಗೀತು. ಇನ್ನು ಪ್ಯಾರಿಸ್ ಮಾತೆತ್ತಬೇಡ" ಎಂದ ಆನ್ಸೆಲ್ಮ್.

ಜೆಲಿ ಚೂರಿ ತೆಗೆದುಕೊಂಡು, ಚಿತ್ರದಲ್ಲಿ ಚಳಿಗೆ ಇನ್ನೂ ಒಣಗದಿದ್ದ ಆ ಕೋಟಿನ ಬಣ್ಣವನ್ನು ಕತ್ತಿನಿಂದ ಕೆಳಗೆ ಕೆರೆದು ಹಾಕಿದಳು. ಮೂರು ಭಾನುವಾರದ ಕೆಲಸ ಕರಿ ಮುದ್ದೆಯಾಗಿ ನೆಲಕ್ಕೆ ಬಿತ್ತು. "ಅಪ್ಪಾ, ಅಂಗಿ ತೋಳು ಮಡಚ್ಕೊಂಡು ಹಿಟ್ಟಿನ ತೊಟ್ಟಿ ಹತ್ರ ನಿಂತ್ಕೋ. ನೀನು ನೀನಾಗಿ ನಿಂತ್ರೆ ನಾನು ಬರೀತೀನಿ."

ಗೊಣಗುತ್ತಲೇ ಹೋಗಿ ನಾದತೊಡಗಿದ. ಸಂಜೆಯ ಹೊತ್ತಿಗೆ ಬರಿಯ ತೋಳು, ಹಿಟ್ಟು ಮೆತ್ತಿದ ಕೈಗಳು ಮೂಡಿದವು. ಅವನು ಬಹಳ ಹೊತ್ತು ನೋಡಿದ.

"ಹೆಬ್ಬೆರಳು ತಪ್ಪಿದೆ. ನಾದುವಾಗ ನಾನದನ್ನ ಒಳಗೆ ಮಡಚ್ತೀನಿ" ಎಂದು ಮುಷ್ಟಿ ಹಿಡಿದು ತೋರಿಸಿದ. ಅವಳು ತಿದ್ದಿದಳು.

"ಹ್ಞೂಂ, ಈಗ ನಾನೇ."

ಗುರುವಾರದ ಗಾಡಿಗೆ ಜೆಲಿ ಪ್ಯಾರಿಸ್ಸಿಗೆ ಹೊರಟಳು.