ಮೂರು ಮಹಾಪ್ರಬಂಧಗಳ ಸಾಕ್ಷಿ

ಇಸ್ತ್ರಿಯಮ್ಮ ಬಟ್ಟೆಗಂಟು ಬಿಚ್ಚಿ ಮೂರು ದಪ್ಪ ಪುಸ್ತಕಗಳನ್ನು ವಿಶ್ವವಿದ್ಯಾಲಯದ ಆಸ್ತಿ ಅಧಿಕಾರಿಯ ಮೇಜಿನ ಮೇಲೆ ಒಂದರ ಮೇಲೊಂದು ಇಟ್ಟಳು. ಮಡಿಸಿದ ಅಂಗಿಗಳನ್ನು ಜೋಡಿಸಿ ಪಳಗಿದ ಕೈ. ಅಂಚು ಒಂದಿಷ್ಟೂ ಆಚೀಚೆ ಆಗಲಿಲ್ಲ. "ದಾಖಲೆ ತನ್ನಿ ಅಂದ್ರಲ್ಲ ಸಾರ್, ತಂದಿದೀನಿ. ಮೂರೂ ನಿಮ್ಮಲ್ಲೇ ಪಾಸಾಗಿರೋ ಪಿಎಚ್‌ಡಿ ಪುಸ್ತಕಗಳು."

ಅವಳ ತಗಡಿನ ಅಂಗಡಿ ಇದ್ದ ಜಾಗದಲ್ಲಿ ಕಾನೂನು, ಇತಿಹಾಸ, ವಿಜ್ಞಾನ ಮೂರನ್ನೂ ಒಂದೇ ಸೂರಿನಡಿ ತರುವ ಸಂಶೋಧನಾ ಭವನ ಏಳುವುದಿತ್ತು. ಆ ಮೂರೂ ಅವಳ ಸೂರಿನಡಿ ಯಾವತ್ತೋ ಬಂದು, ಅವಳದೇ ಸ್ಟೂಲಿನ ಮೇಲೆ ಕೂತು, ಬೇಕಾದಷ್ಟು ಬರೆದುಕೊಂಡು ಹೋಗಿದ್ದವು. ಆ ಮಾತು ಬೇರೆ. ಇಪ್ಪತ್ತೈದು ವರ್ಷದಿಂದ ಅಲ್ಲೇ ದುಡಿಯುತ್ತಿದ್ದೇನೆಂದು ತೋರಿಸಿದವರಿಗೆ ಭವನದ ಪಕ್ಕದಲ್ಲೊಂದು ಮಳಿಗೆ, ತೋರಿಸದವರಿಗೆ ಬೀದಿ. ಇವತ್ತೇ ಕಡೆಯ ದಿನ. ಅವಳ ಹಳೆಯ ಗಿರಾಕಿಯಾದ ಗ್ರಂಥಾಲಯದ ಸಹಾಯಕ ಪುಸ್ತಕಗಳನ್ನು ಹುಡುಕಿ, ಅವಳ ಸುದ್ದಿ ಇರುವ ಪುಟಗಳಿಗೆಲ್ಲ ಚೀಟಿ ಸಿಕ್ಕಿಸಿ ಕೊಟ್ಟಿದ್ದ. ಕಪಾಟು ಸೇರಿದ ಮೇಲೆ ಇವನ್ನು ಕೇಳಿಕೊಂಡು ಬಂದವರು ನೀವೊಬ್ಬರೇ ಎಂದು ನಕ್ಕಿದ್ದ.

ಅಧಿಕಾರಿಯ ಪಕ್ಕದಲ್ಲಿ ವಿಶ್ವವಿದ್ಯಾಲಯದ ಕಾನೂನು ಸಲಹೆಗಾರರಾದ ಪ್ರೊಫೆಸರು ಕೂತಿದ್ದರು. ಅವರನ್ನು ಕಂಡು ಇಸ್ತ್ರಿಯಮ್ಮನಿಗೆ ಹೋದ ಜೀವ ಬಂದಂತಾಯಿತು. ಎಲ್ಲಕ್ಕಿಂತ ಕೆಳಗಿದ್ದ ಪುಸ್ತಕ ಅವರದೇ. ಬೀದಿಬದಿಯ ದುಡಿಮೆಗಾರರ ಹಕ್ಕುಗಳ ಬಗ್ಗೆ ಬರೆದು ಪದಕ ಗೆದ್ದವರು. ಬರೆಯುವ ಕಾಲಕ್ಕೆ ಎರಡು ವರ್ಷ ಅವಳ ಅಂಗಡಿಯಲ್ಲೇ ಠಿಕಾಣಿ ಹೂಡಿದ್ದರು.

ಅಧಿಕಾರಿ ಮೊದಲು ಇತಿಹಾಸದ ಪುಸ್ತಕ ತೆರೆದು ಗಟ್ಟಿಯಾಗಿ ಓದಿದ: "ಈ ಕಾಲೇಜಿನ ಗೋಡೆ ಏಳುವ ಮೊದಲೇ ನಮ್ಮತ್ತೆ ಇಲ್ಲಿ ಪೆಟ್ಟಿಗೆಗೆ ಕೆಂಡ ತುಂಬುತ್ತಿದ್ದರು ಎಂದು ಮಾಹಿತಿದಾರರು 'ಕ' ಹೇಳುತ್ತಾರೆ." ತಲೆ ಎತ್ತಿದ. "ಈ 'ಕ' ಯಾರಮ್ಮ?"

"ನಾನೇ ಸಾರ್."

"ಹಾಗಂತ ಎಲ್ಲಿದೆ? ಕೆಳಗಡೆ ನೋಡಿದ್ರೆ, ಈ ಮಾತಿಗೆ ಲಿಖಿತ ಆಧಾರವಿಲ್ಲ ಅಂತ ಅವರೇ ಅಡಿಟಿಪ್ಪಣಿ ಹಾಕಿದಾರೆ."

ಅವಳು ವಿಜ್ಞಾನದ ಪುಸ್ತಕವನ್ನು ಮುಂದೆ ತಳ್ಳಿದಳು. ಅದರಲ್ಲಿ ಎಕ್ಸ್‌ರೇ ಚಿತ್ರವೇ ಅಚ್ಚಾಗಿತ್ತು. ಇದ್ದಿಲ ಹೊಗೆ ಕುಡಿದ ಎದೆಗೂಡು. ಕೆಳಗೆ, ಮಾದರಿ 31, ಹೆಣ್ಣು, ಇದೇ ಜಾಗದಲ್ಲಿ ಇದೇ ಕೆಲಸ ಇಪ್ಪತ್ತಾರು ವರ್ಷ. "ಇದು ನನ್ನ ಎದೆ ಸಾರ್. ಇಪ್ಪತ್ತಾರು ಅಂತಲೂ ಬರೆದಿದೆ, ನೋಡಿ."

ಅಧಿಕಾರಿ ಪುಸ್ತಕವನ್ನು ಕಿಟಕಿಯ ಬೆಳಕಿಗೆ ಹಿಡಿದು ಅತ್ತಿತ್ತ ತಿರುಗಿಸಿದ. "ಮುಖ ಇಲ್ಲವಲ್ಲಮ್ಮ."

ಉಳಿದದ್ದು ಪ್ರೊಫೆಸರ ಪುಸ್ತಕ. ಅದರಲ್ಲಿ ಅಂಗಡಿಯ ಫೋಟೋ ಇತ್ತು, ಇಸ್ತ್ರಿಪೆಟ್ಟಿಗೆ ಲಕಲಕ ಹೊಳೆಯುತ್ತಿತ್ತು, ಹಿಡಿದವಳ ಮುಖಕ್ಕೆ ಮಾತ್ರ ಕಪ್ಪು ಪಟ್ಟಿ ಬಳಿದಿತ್ತು. ವ್ಯಕ್ತಿ 14. "ಸಾರ್, ನೀವೇ ಬರೆದಿದ್ದಲ್ವಾ? ಇವಳೇ ಅಂತ ಒಂದು ಮಾತು ಹೇಳಿಬಿಡಿ."

ಪ್ರೊಫೆಸರು ಕನ್ನಡಕ ತೆಗೆದು ಒರೆಸಿಕೊಂಡರು. ಸಂಕಟವೇನೋ ಅವರಿಗೆ ನಿಜವಾಗಿಯೂ ಆಗಿತ್ತು. "ಹೇಳೋ ಹಾಗಿಲ್ಲಮ್ಮ. ಮಾಹಿತಿ ಕೊಟ್ಟವರ ಹೆಸರು ಎಲ್ಲೂ, ಯಾವತ್ತೂ ಹೊರಗೆ ಬರಲ್ಲ ಅಂತ ಒಪ್ಪಿಗೆ ಫಾರಂನಲ್ಲಿ ಬರೆದುಕೊಟ್ಟಿದೀನಿ. ನಿಮ್ಮ ಒಳ್ಳೇದಕ್ಕೇ."

"ಯಾರಿಗೆ ಕೊಟ್ಟ ಮಾತು ಸಾರ್ ಅದು?"

"ನಿಮಗೇ."

"ನಾನೇ ಬೇಡ ಅಂತಿದೀನಲ್ಲ, ಹೇಳಿ."

"ಬೇಡ ಅನ್ನೋಕೆ ಆ ಫಾರಂನಲ್ಲಿ ಜಾಗ ಇಲ್ಲಮ್ಮ."

ದೇವರು ವರ ಕೊಟ್ಟರೂ ಪೂಜಾರಿ ಕೊಡಲೊಲ್ಲ ಅಂದಂತಾಯಿತು. ಅವಳು ಪುಸ್ತಕದ ಮೊದಲ ಹಾಳೆಗಳನ್ನು ತಿರುವಿದಳು. ಅಲ್ಲಿ ಕೃತಜ್ಞತೆಗಳಿದ್ದವು. ಮಾರ್ಗದರ್ಶಕರು, ಹೆಂಡತಿ, ಮಾವ, ಟೈಪು ಮಾಡಿದವರು, ಬರೆಯುವಾಗ ಕಾಲಬಳಿ ಮಲಗಿರುತ್ತಿದ್ದ ಸಾಕುನಾಯಿ, ಎಲ್ಲರೂ ಹೆಸರು ಸಮೇತ ಹಾಜರಿದ್ದರು. "ನಾಯಿ ಹೆಸರು ಹಾಕಿದೀರಲ್ಲ ಸಾರ್?"

"ಅದು ಮಾಹಿತಿ ಏನೂ ಕೊಟ್ಟಿಲ್ಲವಲ್ಲಮ್ಮ," ಎಂದರು ಪ್ರೊಫೆಸರು ತಾಳ್ಮೆಯಿಂದ.

ಅಧಿಕಾರಿ ಅದೇ ಪುಸ್ತಕದ ಕೊನೆಯ ಪುಟ ನೋಡುತ್ತಿದ್ದ. ಇಂಥ ಬಡಪಾಯಿಗಳು ಸೋಲುವುದು ನ್ಯಾಯವಿಲ್ಲದೆ ಅಲ್ಲ, ದಾಖಲೆಯಿಲ್ಲದೆ ಎಂದು ಅಲ್ಲಿ ಕಟುವಾಗಿ ಬರೆದಿತ್ತು. ಅವನು ಹೌದೆಂದು ತಲೆಯಾಡಿಸಿ, ಪುಸ್ತಕ ಮುಚ್ಚಿ, ತೆರವು ಆದೇಶದ ಹಾಳೆಯನ್ನು ಎಳೆದುಕೊಂಡ. ಇಸ್ತ್ರಿಯಮ್ಮನ ಮೈಯೆಲ್ಲ ಉರಿದುಹೋಯಿತು. ತನ್ನ ಅತ್ತೆಯ ಕಥೆ, ತನ್ನ ಕೆಮ್ಮು, ತನ್ನ ಅಂಗಡಿ ಎಲ್ಲ ಇವರಿಗೆ ಬೇಕಾಗಿತ್ತು, ತಾನೊಬ್ಬಳು ಬೇಡವಾಗಿದ್ದಳು.

"ಪೂರ್ತಿ ಹೆಸರು?" ಅಧಿಕಾರಿ ಪೆನ್ನು ಎತ್ತಿ ಹಿಡಿದು ಕೇಳಿದ. "ಒಂದಕ್ಷರ ತಪ್ಪಿದರೂ ಆದೇಶ ಊರ್ಜಿತ ಆಗಲ್ಲ."

ಅವಳು ಬಾಯಿ ತೆರೆಯುವ ಮುಂಚೆಯೇ ಪ್ರೊಫೆಸರು ಅವಳ ಹೆಸರು, ಗಂಡನ ಹೆಸರು, ವಯಸ್ಸು, ಅಂಗಡಿಯ ಉದ್ದಗಲ ಎಲ್ಲವನ್ನೂ ಪಟಪಟನೆ ಹೇಳಿಬಿಟ್ಟರು. ಪಾಪ, ಎರಡು ವರ್ಷದ ಅಭ್ಯಾಸ. ಅಧಿಕಾರಿ ತುಂಬಿಕೊಂಡು, ಮೊಹರು ಒತ್ತಿ, ಸಹಿ ಮಾಡಲು ಹಾಳೆಯನ್ನು ಅವಳ ಕಡೆ ತಿರುಗಿಸಿದ.

ಇಸ್ತ್ರಿಯಮ್ಮ ಅಕ್ಷರಕ್ಕೆ ಅಕ್ಷರ ಕೂಡಿಸಿ ಪೂರ್ತಿ ಓದಿದಳು. ಆಮೇಲೆ ಪೆನ್ನನ್ನು ಮುಟ್ಟದೆ, ಹಾಳೆಯನ್ನು ಬೆರಳ ತುದಿಯಿಂದ ಪ್ರೊಫೆಸರ ಮುಂದಕ್ಕೆ ಸರಿಸಿದಳು.

"ಎಲ್ಲೂ, ಯಾವತ್ತೂ ನನ್ನ ಹೆಸರು ಬರಲ್ಲ ಅಂದಿದ್ರಿ ಸಾರ್. ಮಾತು ಅಂದ್ರೆ ಮಾತು. ಇದರಲ್ಲೂ ಹದಿನಾಲ್ಕು ಅಂತಲೇ ಬರೀರಿ. ಆ ಹದಿನಾಲ್ಕು ಎಲ್ಲಾದ್ರೂ ಸಿಕ್ಕಿದ್ರೆ ನಾನೇ ಹೇಳ್ತೀನಿ, ಅಂಗಡಿ ಖಾಲಿ ಮಾಡು ಅಂತ."