ಅವ್ವನ ಕೈ

ಮೆಣಸಿನಕಾಯಿ ಸುಗ್ಗಿ. ಕೈ ಉರಿಯದಂತೆ ಬಟ್ಟೆ ಸುತ್ತಿಕೊಂಡು ಕಾಶವ್ವ ಕಣದಲ್ಲಿ ಕಾಯಿಯ ತೊಟ್ಟು ಮುರಿಯುತ್ತಿದ್ದಳು. ಅವಳ ಮಗಳ ಚಿತ್ರವನ್ನು ಸ್ಪರ್ಧೆಯಿಂದ ಹೊರಗಿಟ್ಟಿದ್ದ ಡ್ರಾಯಿಂಗ್ ಮಾಸ್ತರರು ಅದನ್ನು ಮರಳಿಸಲು ಬಂದರು. ‘ಅವ್ವನ ಕೈ’ ಎಂಬ ಆ ಚಿತ್ರದ ಮೇಲೆ ಕೆಂಪು ಶಾಯಿಯಲ್ಲಿ ‘ಕಳ್ಳ ಕೆಲಸ’ ಎಂದು ಅವರೇ ಬರೆದಿದ್ದರು.

“ಕಾಶವ್ವ, ನಿನ್ನ ಮಗಳು ಇದನ್ನ ಮೊಬೈಲಿನ್ಯಾಗ ಎಐ ಕಡಿಂದ ತಗಿಸ್ಯಾಳ.”

“ಇಲ್ರೀ ಸರ. ಮೂರು ದಿನ ನನ್ನ ಮುಂದ ಕುಂತು ತಗದಾಳ್ರೀ.”

“ನನಗ ಕಲಸಾಕ ಬರ್ತೀಯೇನು? ಎಐಗೆ ಬೆರಳು ಎಣಸಾಕ ಬರೂದಿಲ್ಲ. ಇಲ್ಲಿ ನೋಡು, ಒಂದ ಕೈಗೆ ಆರು ಬೆರಳು!”

ಕಣದ ಹೆಂಗಸರು ತಲೆ ತಗ್ಗಿಸಿದರು.

ಮದುವೆಯ ದಿನವೂ ಸೆರಗಿನಡಿ ಬಚ್ಚಿಟ್ಟಿದ್ದ ಬಲಗೈಯ ಬಟ್ಟೆ ಬಿಚ್ಚಿ, ಚಿತ್ರ ಇಸಿದುಕೊಳ್ಳಲು ಕಾಶವ್ವ ಆರೂ ಬೆರಳು ಚಾಚಿದಳು.